ಸೊಂಡಿಲು ಮುರಿದ ಸಕ್ಕರೆ ಆನೆ: ಎಳ್ಳು ಬೀರುವಿಕೆಯ ಚಲನಶಾಸ್ತ್ರದ ಬಗ್ಗೆ ಒಂದು ಪ್ರೌಢಪ್ರಬಂಧ

ಮನೆಯಿಂದ ಹೊರಗೆ ಹೋದ ಎಳ್ಳೂ ಮನೆಯೊಳಗೆ ಬಂದ ಎಳ್ಳೂ ತೂಕದಲ್ಲಿ ಸಮ. ನಡುವೆ ತಿಂದವರು ಯಾರೂ ಇಲ್ಲ. ಸಂಕ್ರಾಂತಿಯ ಎಳ್ಳು-ಬೆಲ್ಲದ ಬಗ್ಗೆ ಪ್ರಸ್ತುತ ಲೇಖಕನು ಮಂಡಿಸುವ ಸಿದ್ಧಾಂತ ಇಷ್ಟೇ. ಇದಕ್ಕೆ ಆಧಾರವಾದ ಕ್ಷೇತ್ರಕಾರ್ಯವು 2024ರ ಜನವರಿ 13ರಿಂದ 15ರವರೆಗೆ, ಅಂದರೆ ಶನಿವಾರ-ಭಾನುವಾರಗಳಿಗೆ ಹಬ್ಬದ ಸೋಮವಾರ ಅಂಟಿಕೊಂಡು ಬಂದ ಮೂರು ದಿನ, ಸ್ವಗೃಹದಲ್ಲೇ ನಡೆಯಿತು. ಅನುದಾನ ಯಾರೂ ಕೊಡಲಿಲ್ಲ. ಅಡಕತ್ತರಿ ಕೊಟ್ಟರು.

ಮೊದಲಿಗೆ ಕಾಲನಿರ್ಣಯ. ಸೂರ್ಯ ನಿಜವಾಗಿ ಉತ್ತರಕ್ಕೆ ಮುಖ ತಿರುಗಿಸುವುದು ಡಿಸೆಂಬರ್ 21-22ರ ಹೊತ್ತಿಗೆ. ಭೂಮಿಯ ಅಕ್ಷ ಬುಗುರಿಯಂತೆ ತೊನೆಯುವುದರಿಂದ ಸಂಕ್ರಾಂತಿಯು ಸುಮಾರು 72 ವರ್ಷಕ್ಕೊಂದು ದಿನದಂತೆ ಮುಂದೆ ಸರಿದು, ಈಗ ಜನವರಿ 14-15ಕ್ಕೆ ಬಂದು ಕೂತಿದೆ. ಈ ಅಂಶವನ್ನು ಶನಿವಾರ ಬೆಳಗ್ಗೆ ಅತ್ತೆಯವರ ಮುಂದಿಡಲಾಯಿತು. "ಹಾಗಾದ್ರೆ ಆಗ್ಲೇ ತಡವಾಯ್ತಲ್ಲ ಅಳಿಯಂದ್ರೇ, ಕೊಬ್ಬರಿ ಹೆಚ್ಚಿ" ಎಂದು ಅವರು ಚರ್ಚೆ ಮುಗಿಸಿದರು.

ಕೊಬ್ಬರಿಯ ಬೆನ್ನಿನ ಕಂದು ಸಿಪ್ಪೆ ಹೆರೆದು ಅಡಕತ್ತರಿಯಲ್ಲಿ ಚೂರು ಮಾಡಬೇಕು. ಅಚ್ಚುಬೆಲ್ಲಕ್ಕೂ ಅದೇ ಗತಿ. ಕಡಲೆಬೀಜವನ್ನು ಹುರಿದು, ಉಜ್ಜಿ, ಮೊರದಲ್ಲಿ ಕೇರಿ, ಇಬ್ಭಾಗ ಮಾಡಬೇಕು. ಎಳ್ಳು, ಹುರಿಗಡಲೆ ಸೇರಿದರೆ ಪಂಚಭೂತಗಳು ಪೂರ್ಣ. ಆರನೆಯದಾಗಿ ಬಣ್ಣದ ಜೀರಿಗೆ ಪೆಪ್ಪರ್‌ಮೆಂಟು ಕಂಡುಬಂದರೆ ಅದು ಅಂಗಡಿ ಎಳ್ಳೆಂದು ಪಾಠಾಂತರ. ಚೂರುಗಳ ಗಾತ್ರದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ. ಏಕೆಂದರೆ ವಿದ್ವಾಂಸರು ಒಬ್ಬರೇ. ಲೇಖಕನು ಹೆಚ್ಚಿದ್ದನ್ನು ಅತ್ತೆಯವರು ಅಂಗೈ ಮೇಲೆ ಹರಡಿ, ಕನ್ನಡಕ ಹಣೆಗೇರಿಸಿ ನೋಡಿ, "ಇದು ಮನೆಗಿರಲಿ" ಎಂದರು. ಬೀರಲು ಅನರ್ಹ ಎಂಬುದು ಇದರ ತಾತ್ಪರ್ಯ.

ಭಾನುವಾರ ಊಟಕ್ಕೆ ಹನ್ನೊಂದು ಮಂದಿ ನೆಂಟರು. ಹಿತಕಿದ ಅವರೆಯ ಸಾರು ಬೇಕೆಂದವರೆಲ್ಲ ಮೊದಲು ಹಿತುಕಬೇಕೆಂಬ ನಿಯಮವಿದ್ದುದರಿಂದ, ರಾತ್ರಿಯಿಡೀ ನೆನೆದ ಕಾಳಿನ ಪಾತ್ರೆಯ ಸುತ್ತ ಎಲ್ಲರೂ ಕೂತರು. ಹೆಬ್ಬೆರಳು-ತೋರುಬೆರಳುಗಳ ನಡುವೆ ಅದುಮಿದರೆ ಬೇಳೆ ಜಿಗಿಯುತ್ತದೆ. ಎತ್ತ ಎಂಬುದನ್ನು ಭೌತಶಾಸ್ತ್ರ ಇನ್ನೂ ಹೇಳಿಲ್ಲ. ಚಿಕ್ಕಪ್ಪನವರದೊಂದು ನೇರ ಭಾವಮೈದುನನ ಕಾಫಿ ಲೋಟಕ್ಕೆ ಬಿತ್ತು. ಅವನು ಅದನ್ನು ಬೆರಳಿನಿಂದ ತೆಗೆದು ಪಾತ್ರೆಗೇ ಹಾಕಿದ್ದನ್ನು ಲೇಖಕನೊಬ್ಬನೇ ಕಂಡ. ಸಾರು ಚೆನ್ನಾಗಿತ್ತು. ಸಂಜೆ ಅಪಾರ್ಟ್‌ಮೆಂಟಿನ ಸಂಕ್ರಾಂತಿ ಕೂಟ. ರಂಗೋಲಿ ಸ್ಪರ್ಧೆಯ ತೀರ್ಪಿನ ಬಗ್ಗೆ ಈ ಪ್ರಬಂಧ ಮೌನ ವಹಿಸುತ್ತದೆ. ನಾವು ಅಲ್ಲೇ ಬಾಳಬೇಕಾದವರು.

ಇನ್ನು ಮುಖ್ಯ ಪ್ರಯೋಗ. ವಲಸೆ ಹಕ್ಕಿಯ ಹಾದಿ ತಿಳಿಯಲು ಅದರ ಕಾಲಿಗೆ ಉಂಗುರ ತೊಡಿಸುತ್ತಾರೆ. ನಮಗೆ ಆ ಖರ್ಚೂ ಬೀಳಲಿಲ್ಲ: ಮರದ ಅಚ್ಚಿನಿಂದ ಬಿಡಿಸುವಾಗ ಸಕ್ಕರೆ ಆನೆಯೊಂದರ ಸೊಂಡಿಲು ತಾನಾಗಿಯೇ ಮುರಿದಿತ್ತು. ಸೋಮವಾರ ಸಂಜೆ ನಾಲ್ಕೂವರೆಗೆ, ರೇಷ್ಮೆ ಲಂಗ ಎತ್ತಿ ಹಿಡಿದ ಮಗಳ ಕೈಯಲ್ಲಿ ಅದು ಮೂರನೇ ಮಹಡಿಗೆ ಹೊರಟಿತು. ಅಲ್ಲಿಂದ ಎದುರುಮನೆಗೆ, ಎದುರುಮನೆಯವರಿಂದ ಅವರ ನಾದಿನಿಯ ಮನೆಗೆ, ನಾದಿನಿಯಿಂದ ನಮ್ಮ ಕೆಳಮನೆಗೆ ಹೋಯಿತೆಂದು ಮಾಹಿತಿದಾರರ ಹೇಳಿಕೆ. ಎಂಟೂ ಮುಕ್ಕಾಲಿಗೆ ಕೆಳಮನೆಯ ಹುಡುಗಿ ಕರೆಗಂಟೆ ಒತ್ತಿದಳು. ಚೀಲದಲ್ಲಿ ಎರಡು ಬಾಳೆಹಣ್ಣು, ಗೇಣುದ್ದ ಕಬ್ಬು, ಎಳ್ಳಿನ ಪೊಟ್ಟಣ. ಅದಕ್ಕೊರಗಿಕೊಂಡು ನಮ್ಮ ಆನೆ.

ಸಿದ್ಧಾಂತ ಗೆದ್ದಿತೆಂದು ಹಿಗ್ಗುವಷ್ಟರಲ್ಲಿ ಒಂದು ತೊಡಕು ಕಣ್ಣಿಗೆ ಬಿತ್ತು. ಆನೆಗೆ ಬಾಲವಿರಲಿಲ್ಲ. ಬಾಲದ ಜಾಗ ಮುರಿದಂತಿರದೆ ನುಣ್ಣಗಿತ್ತು. ನಾಲ್ಕು ಮನೆಗಳಲ್ಲಿ ಯಾರೋ ಅದನ್ನು ಚೀಪಿದ್ದಾರೆ. ಸಿದ್ಧಾಂತಕ್ಕೆ ಧಕ್ಕೆ ತರುವ ಈ ಅಂಶವನ್ನು ಲೇಖಕನು ಮನೆಯಲ್ಲಿ ಯಾರಿಗೂ ಹೇಳದೆ, ಹೆಚ್ಚಿನ ಪರಿಶೀಲನೆಗೆಂದು ಆನೆಯನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ಮಲಗಿದ.

ಮಂಗಳವಾರ ಬೆಳಗ್ಗೆ ಸಕ್ಕರೆ ಡಬ್ಬ ಖಾಲಿ. ಸಂಶೋಧನೆಯ ಏಕೈಕ ಪುರಾವೆಯನ್ನು ಅತ್ತೆಯವರು ಕಾಫಿಗೆ ಹಾಕಿದರು. ಲೇಖಕನಿಗೆ ಇದು ತಿಳಿದದ್ದು ಎರಡನೇ ಲೋಟ ಮುಗಿದ ಮೇಲೆ.