ಅಥಾತೋ ಬಾಗಿಲ ಜಿಜ್ಞಾಸಾ

ಆಟದೊಳಗಿನ ಬಾಗಿಲನ್ನು ಒತ್ತಿದರೆ ಅದು ತೆರೆಯುವುದೇಕೆ? ಗೌತಮನಿಂದ ಗಂಗೇಶನವರೆಗೆ ನಮ್ಮ ನೈಯಾಯಿಕರು ಮಣ್ಣು, ಕುಂಬಾರ, ಕೋಲು, ಗಡಿಗೆ ಎಂದು ಕಾರಣವಿಚಾರ ಮಾಡುತ್ತ ಕೂತರೇ ಹೊರತು ಮೌಸಿನ ಎಡಗುಂಡಿಯ ಕಡೆ ಕಣ್ಣು ಹಾಯಿಸಲಿಲ್ಲ. ಆ ಲೋಪವನ್ನು ತುಂಬಲೆಂದು ಧಾರವಾಡದ ಸಾಧನಕೇರಿಯಲ್ಲಿ, ಎರಡು ಕಪ್ಪು ಚಹಾದ ಅನುದಾನದಿಂದ, ಪ್ರಸ್ತುತ ಗ್ರಂಥ ರಚಿತವಾಗಿದೆ.

ಇದಕ್ಕೆ ಮೂಲಪುರುಷ ಹುಬ್ಬಳ್ಳಿ ವಿದ್ಯಾನಗರದಲ್ಲಿರುವ ನನ್ನ ಸೋದರಳಿಯ. 2017ರಲ್ಲಿ ಬಂದ 'ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ' ಎಂಬ ಆಟದಲ್ಲಿ ಆಡುವವರು ತಮ್ಮದೇ ಬಸ್ಸು ಕಟ್ಟಿ ಸೇರಿಸಬಹುದು. ಕರ್ನಾಟಕದ ಹುಡುಗರು ನಮ್ಮ ಕೆಂಪು ಬಸ್ಸುಗಳನ್ನು ಜಾವಾದ ರಸ್ತೆಗೆ ಇಳಿಸಿದ್ದಾರೆ. ಅಲ್ಲಿ ಓಡಿಸಿ ಓಡಿಸಿ ಸಾಕಾದ ಅಳಿಯ, ಊರನ್ನೇ ಕಟ್ಟಿಬಿಡೋಣ ಎಂದು ಬ್ಲೆಂಡರ್, ಯೂನಿಟಿ ಎಂಬ ತಂತ್ರಾಂಶಗಳನ್ನು ಹಿಡಿದು ಕೂತ. ಊರಿನ ಮೇಲಿನ ಅಭಿಮಾನ ಮನುಷ್ಯನನ್ನು ಎಲ್ಲಿಗೆ ಮುಟ್ಟಿಸುತ್ತದೆಂದು ಹೇಳಲಾಗದು.

"ಮಾಮಾ, ಬಾಗಲಾ ಒತ್ತು ನೋಡೋಣ" ಅಂದ. ಒತ್ತಿದೆ. ಧಾರವಾಡದ ಹಳೇ ಮನೆಯೊಂದರ ತಲಬಾಗಿಲು ನಟ್ಟನಡುವಿನ ಕಂಬಕ್ಕೆ ಸಿಕ್ಕಿಸಿದಂತೆ ಫ್ಯಾನಿನ ಹಾಗೆ ಗರಗರ ತಿರುಗಿತು. ಶಾಸ್ತ್ರೀಯ ಕಾರಣ ಇಷ್ಟೇ: ಕಂಪ್ಯೂಟರಿನ ವಸ್ತು ತನ್ನ ಮೂಲಬಿಂದುವಿನ ಸುತ್ತ ತಿರುಗುತ್ತದೆ, ಆ ಬಿಂದು ಕದದ ಹೊಟ್ಟೆಯಲ್ಲಿ ಕೂತಿತ್ತು. ಅದನ್ನು ಅಂಚಿಗೆ, ಬಿಜಾಗರಿ ಇರುವಲ್ಲಿಗೆ ಸರಿಸಿದ ಮೇಲೆ ಬಾಗಿಲು ಬಾಗಿಲಾಯಿತು. ಬಡಿಗರಿಗೆ ಹುಟ್ಟಿನಿಂದ ಗೊತ್ತಿರುವ ಈ ತತ್ವ ಅಳಿಯನಿಗೆ ದಕ್ಕಲು ಎರಡು ರಾತ್ರಿ ಹಿಡಿಯಿತು.

ಇನ್ನು ಕಾರಣವಿಚಾರ. ಗಡಿಗೆಗೆ ಮಣ್ಣಿದ್ದಂತೆ ಕದ ಸಮವಾಯಿಕಾರಣ, ಕುಂಬಾರನಿದ್ದಂತೆ ನನ್ನ ಬೆರಳು ನಿಮಿತ್ತಕಾರಣ ಎಂದು ಬರೆದು ಮುಗಿಸುವವನಿದ್ದೆ. ಆದರೆ ಬೆರಳು ಕದವನ್ನು ಮುಟ್ಟುವುದೇ ಇಲ್ಲ. ಒತ್ತಿದೊಡನೆ ಕ್ಯಾಮೆರಾದಿಂದ ಕಾಣದ ಕಿರಣವೊಂದು ಹೊರಡುತ್ತದೆ. ಕದದ ಮುಂದೆ ಕಾಣದ ಪೆಟ್ಟಿಗೆಯೊಂದಿರುತ್ತದೆ. ಕಿರಣ ಆ ಪೆಟ್ಟಿಗೆಗೆ ತಾಗಿದರೆ ಕೆಲಸ ಶುರು. ಅಳಿಯ ಇಂಥದೊಂದು ಪೆಟ್ಟಿಗೆಯನ್ನು ನಕಲು ಮಾಡಿ ಚೆನ್ನಮ್ಮ ವೃತ್ತದಲ್ಲಿ ಮರೆತುಬಿಟ್ಟಿದ್ದ. ಪರಿಣಾಮ, ಹುಬ್ಬಳ್ಳಿಯಲ್ಲಿ ರಾಣಿಯ ಕುದುರೆಯನ್ನು ಒತ್ತಿದರೆ 20 ಕಿ.ಮೀ. ಆಚೆ ಧಾರವಾಡದಲ್ಲಿ ಬಾಗಿಲು ತೆರೆಯುತ್ತಿತ್ತು. ಅವಳಿ ನಗರಗಳ ನಡುವೆ ಇಷ್ಟು ಸಾಮರಸ್ಯ ಇದಕ್ಕೆ ಮುಂಚೆ ದಾಖಲಾಗಿಲ್ಲ.

ಬೆರಳು ಬರೀ ಕೇಳಿಕೊಳ್ಳುತ್ತದೆ, ತೆರೆಯುವುದು ಬಿಡುವುದು ಆಟದ ನಿಯಮಕ್ಕೆ ಬಿಟ್ಟದ್ದು. ಇಲ್ಲಿಂದ ನನ್ನ ಸಿದ್ಧಾಂತ: ಕ್ಲಿಕ್ಕೆಂಬುದು ಆಜ್ಞೆಯಲ್ಲ, ಅರ್ಜಿ.

ವಿದೇಶೀ ಪ್ರಮಾಣವೂ ಉಂಟು. ಅಮೆರಿಕದ ಮಿಲ್ಲರ್ ಸಹೋದರರ 'ಮಿಸ್ಟ್' 1993ರದು. ಅದರ ಕುಲದಲ್ಲಿ 2003ರಲ್ಲಿ ಹುಟ್ಟಿದ 'ಊರು' ಎಂಬ ಆಟ (ಹೆಸರು ಅದೇ, ನಾನು ಕಟ್ಟಿದ್ದಲ್ಲ) ಅಭಿಮಾನಿಗಳು ತಾವೇ ಲೋಕಗಳನ್ನು ಕಟ್ಟುವುದಕ್ಕೆ ಹೆಸರಾದದ್ದು. ಅಲ್ಲಿ ಗುಂಡಿ ಒತ್ತಬೇಕಾದರೆ ನಿಮ್ಮ ಪಾತ್ರ ಗೊತ್ತಾದ ಆವರಣದೊಳಗೆ ನಿಂತಿರಬೇಕು, ಮುಖ ಗುಂಡಿಯ ಕಡೆಗಿರಬೇಕು. ಆಮೇಲೆ ತಾನಾಗಿ ಗುರುತಿನ ಜಾಗಕ್ಕೆ ನಡೆದುಹೋಗಿ ಕೈ ಎತ್ತುತ್ತದೆ. ಅರ್ಜಿದಾರರು ಖುದ್ದು ಹಾಜರಿರತಕ್ಕದ್ದು, ನಿಗದಿತ ಕೌಂಟರಿನ ಎದುರು. ಸರ್ಕಾರಿ ಕಚೇರಿಯ ಮುಂದೆ ನಿಂತು ಗೊತ್ತಿರುವವರಿಗೆ ಹೆಚ್ಚಿನ ಭಾಷ್ಯ ಬೇಕಿಲ್ಲ.

ಪೂರ್ವಪಕ್ಷ: ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಓಡುತ್ತಿರುವ ಚಿಗರಿ ಬಸ್ಸಿನ ನಿಲ್ದಾಣಗಳಲ್ಲಿ ಯಾರೂ ಒತ್ತದೆ ಗಾಜಿನ ಬಾಗಿಲು ಸರಿಯುತ್ತದಲ್ಲ? ಸಮಾಧಾನ: ಬಸ್ಸು ಬಂದು ನಿಂತದ್ದೇ ಅರ್ಜಿ. ಮುಂದೆ ಹೋಗೋಣ.

ಮುಖ್ಯ ಸಂಕಟ ಬೇರೆಯೇ. ಬಾಗಿಲು ಅರ್ಧ ತೆರೆದಾಗ ಇನ್ನೊಮ್ಮೆ ಒತ್ತಿದರೆ? ಅಳಿಯನ ಬಾಗಿಲು ಠಪ್ಪೆಂದು ಮುಚ್ಚಿಕೊಂಡು ಮೊದಲಿಂದ ತೆರೆಯತೊಡಗುತ್ತಿತ್ತು. ಅವಸರದವರು ಟಕಟಕ ಒತ್ತಿದರೆ ಬಾಗಿಲಿಗೆ ಚಳಿಜ್ವರ. ಪರಿಹಾರ ಪುಸ್ತಕದಲ್ಲಿ ಸಿಗಲಿಲ್ಲ, ಹಳೇ ಕೆಂಪು ಬಸ್ಸಿನಲ್ಲಿ ಸಿಕ್ಕಿತು. ಕಂಡಕ್ಟರ್ ಹಗ್ಗ ಜಗ್ಗಿ ಒಂದು ಗಂಟೆ ಹೊಡೆದರೆ ನಿಲ್ಲು, ಎರಡು ಹೊಡೆದರೆ ನಡಿ. ಗಂಟೆ ಒಂದೇ, ಹಗ್ಗ ಒಂದೇ. ಅರ್ಥ ಬಸ್ಸಿನ ಸ್ಥಿತಿಗೆ ತಕ್ಕಂತೆ. ನಿಂತ ಬಸ್ಸಿಗೆ ಒಂದು ಗಂಟೆ ಹೊಡೆದರೆ ಡ್ರೈವರ್ ತಿರುಗಿಯೂ ನೋಡುವುದಿಲ್ಲ. ಇನ್ನೂ ಸೂಕ್ಷ್ಮ: ಡಬಲ್ ಬೆಲ್ ಆಗಿದೆ, 'ರೈಟ್ ರೈಟ್' ಎಂದೂ ಆಗಿದೆ, ಆದರೆ ಬುಟ್ಟಿ ಹೊತ್ತ ಅಜ್ಜಿಯ ಒಂದು ಕಾಲು ಇನ್ನೂ ನೆಲದ ಮೇಲಿದೆ. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಾನೆ, ಗೇರಿನ ಮೇಲೆ ಕೈ ಇಟ್ಟು ಸುಮ್ಮನೆ ಕೂಡುತ್ತಾನೆ. ಅರ್ಜಿ ಕ್ರಮಬದ್ಧ, ಆದರೂ ತಡೆ.

"ಇಲ್ಲೊಂದು 'ಇಫ್' ಹಾಕ್ಬೇಕು ಮಾಮಾ" ಎಂದ ಅಳಿಯ. ಬಾಗಿಲು ಅಲುಗಾಡುತ್ತಿದ್ದರೆ ಹೊಸ ಅರ್ಜಿ ಸ್ವೀಕರಿಸಬೇಡ ಎಂದು ಒಂದು ಸಾಲು ಬರೆದ. ಜ್ವರ ಬಿಟ್ಟಿತು.

ಉಳಿದದ್ದು ರೈಲು ನಿಲ್ದಾಣ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮು 1,507 ಮೀಟರ್, ಜಗತ್ತಿನಲ್ಲೇ ಉದ್ದ, 2023ರ ಮಾರ್ಚಿನಲ್ಲಿ ಉದ್ಘಾಟನೆ. ಮನುಷ್ಯನ ನಡಿಗೆಯ ವೇಗದಲ್ಲಿ ಈ ತುದಿಯಿಂದ ಆ ತುದಿಗೆ ಸುಮಾರು 18 ನಿಮಿಷ. ಆಟದಲ್ಲಿ ಅಷ್ಟು ನಡೆಯುವವರಾರೆಂದು ಅಳಿಯ ಅದನ್ನು 300 ಮೀಟರಿಗೆ ಕತ್ತರಿಸಿದ್ದ. ಪಕ್ಕದ ಮನೆಯ ನಿವೃತ್ತ ರೈಲ್ವೆ ಕಾಕಾಗೆ ಸುದ್ದಿ ಮುಟ್ಟಿತು. "ಗೋರಖಪುರದವ್ರ 1,366 ಮುರದು ತಗೊಂಡಿದ್ದ ದಾಖಲೆ ಅದು. ನೀ ಯಾಂವ ಕತ್ತರಸಾಂವ?" ಅಳಿಯ ಮರುದಿನವೇ ಒಂದೇ ಕಂಬವನ್ನು ನೂರಾರು ಸಲ ನಕಲು ಹೊಡೆದು ಪೂರ್ತಿ ಉದ್ದ ಕೂಡಿಸಿದ.

ಕಾಕಾ ಬಂದು ಕೂತರು. ಕನ್ನಡಕ ಸರಿಮಾಡಿಕೊಂಡು ಒಂದೇ ಕೀಲಿ ಒತ್ತಿ ಹಿಡಿದು, ಯಾರ ಜೊತೆಗೂ ಮಾತಾಡದೆ, ಹದಿನೆಂಟು ನಿಮಿಷ ನಡೆದರು. ಕೊನೆಯ ತುದಿಯಲ್ಲಿ ಚಹಾದ ಗಾಡಿ. ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು.

"ಅದಕ್ಕಿನ್ನೂ ಅನಿಮೇಷನ್ ಮಾಡಿಲ್ಲ ಕಾಕಾ."

"ಇರ್ಲಿ ಬಿಡೊ, ಚಾ ಕುದ್ಯಾಕ ಹತ್ತಿರ್ಬೇಕು" ಎಂದು ಕಾಕಾ ಗಾಡಿಯ ಮುಂದೆಯೇ ನಿಂತರು.