ಮನವಿಶಾಸ್ತ್ರ ಪ್ರವೇಶಿಕೆ

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯ ಸಂಘಸಂಸ್ಥೆಗಳು ಒಂದರೊಡನೊಂದು ಹೇಗೆ ಮಾತಾಡುತ್ತವೆ ಎಂಬುದು ಪ್ರಸ್ತುತ ಜಿಜ್ಞಾಸೆ. ಮಾತಾಡುವುದೇ ಇಲ್ಲ ಎಂಬುದು ಪೂರ್ವಪಕ್ಷ. ತಹಶೀಲ್ದಾರರ ಮುಖಾಂತರ ಮಾತಾಡುತ್ತವೆ ಎಂಬುದು ಸಿದ್ಧಾಂತ.

ಜನರಲ್ಲಿ ಸಂವಹನದ ಕೊರತೆಯಿದೆ ಎನ್ನುವವರು ದಾಂಡೇಲಿಯ ಸಂತೆ ನೋಡಿದವರಲ್ಲ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದ ಮೇಲೆ ನಾನಾ ಕಡೆಯ ಜನ ಬಂದು ನೆಲೆಸಿದ ಊರದು. ಕನ್ನಡದಲ್ಲಿ ದರ ಕೇಳಿ, ಹಿಂದಿಯಲ್ಲಿ ಚೌಕಾಸಿ ಮಾಡಿ, ಮರಾಠಿಯಲ್ಲಿ ಬೈದು, ಕೊಂಕಣಿಯಲ್ಲಿ ರಾಜಿಯಾಗಿ ಬದನೆಕಾಯಿ ಚೀಲಕ್ಕೆ ಹಾಕಿಕೊಳ್ಳುವವರು ಅಲ್ಲಿದ್ದಾರೆ. ತೊಂದರೆ ಆರಂಭವಾಗುವುದು ಇಂಥ ಇಬ್ಬರು ಸೇರಿ ಸಂಘ ಕಟ್ಟಿ ರಬ್ಬರ್ ಸ್ಟಾಂಪ್ ಮಾಡಿಸಿದಾಗ. ಆ ಗಳಿಗೆಯಿಂದ ಬಾಯಿ ಕಟ್ಟುತ್ತದೆ, ಲೆಟರ್‌ಹೆಡ್ ಬಿಚ್ಚುತ್ತದೆ.

ಈಗ ಆ ಲೆಟರ್‌ಹೆಡ್ಡಿನ ಮೇಲೆ ಮೂಡುವ ಮನವಿಯ ಲಕ್ಷಣ. ಮನವಿಗೆ ಒಂದು ಹಾಳೆ, ಒಬ್ಬ ಅಧಿಕಾರಿ, ಒಂದು ಫೋಟೋ ಅತ್ಯಗತ್ಯ, ಬೇಡಿಕೆ ಐಚ್ಛಿಕ. ಫೋಟೋವನ್ನು ಸೂಕ್ಷ್ಮವಾಗಿ ಪರಿಶೀಲಿಸಿ. ನಡುವೆ ತಹಶೀಲ್ದಾರರು. ಅವರ ಕೈಯಲ್ಲಿ ಹಾಳೆಯ ಒಂದು ಮೂಲೆ. ಉಳಿದ ಮೂರು ಮೂಲೆಗಳಿಗೆ ಏಳೆಂಟು ಕೈ. ಹಿಂದಿನ ಸಾಲಿನವರೊಬ್ಬರು ಅಧ್ಯಕ್ಷರ ಕಂಕುಳಡಿಯಿಂದ ತೋಳು ತೂರಿಸಿ ಎರಡು ಬೆರಳು ಮುಟ್ಟಿಸಿದ್ದಾರೆ. ಯಾರೂ ಹಾಳೆಯನ್ನು ನೋಡುತ್ತಿಲ್ಲ, ಎಲ್ಲರ ಕಣ್ಣೂ ಕ್ಯಾಮರಾದ ಮೇಲೆ. ಈ ಸೀಮೆಯಲ್ಲಿ ಸಹಕಾರ ತತ್ತ್ವದ ಪರಾಕಾಷ್ಠೆ ಇದೇ ಎಂಬುದು ಈ ಪ್ರಬಂಧಕಾರನ ಮತ.

ಪ್ರಯೋಗಕ್ಕೆ ರೈಲು ತೆಗೆದುಕೊಳ್ಳೋಣ. ಅಳ್ನಾವರ-ಅಂಬೇವಾಡಿ (ದಾಂಡೇಲಿ) ಪ್ರಯಾಣಿಕರ ರೈಲು ಬಹುಕಾಲದ ನಂತರ 2019ರ ನವೆಂಬರಿನಲ್ಲಿ ಮತ್ತೆ ಓಡಿತು. ಕೋವಿಡ್ ಬಂದು ನಿಂತಿತು. ರೈಲು ಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹಾಗಿದ್ದೂ ಇಂಥ ವಿಷಯಕ್ಕೆ ಹತ್ತು ಸಂಘಗಳು ಸೇರಿ ಒಂದು ಮನವಿ ಕೊಟ್ಟರೆ ಒಂದೇ ಫೋಟೋ, ಬೇರೆಬೇರೆ ಕೊಟ್ಟರೆ ಹತ್ತು. ಈ ಗಣಿತದ ಮುಂದೆ ಯಾವ ಒಕ್ಕೂಟವೂ ನಿಲ್ಲದು. ಹಳಿಯಾಳದಿಂದ ಬೇರೆಯಾಗಿ ದಾಂಡೇಲಿಯೂ ತಾಲ್ಲೂಕಾದ ಮೇಲಂತೂ ಫೋಟೋಕ್ಕೆ ಇನ್ನೊಬ್ಬ ತಹಶೀಲ್ದಾರರು ಸಿಕ್ಕಂತಾಯಿತು.

ಮುಂಡಗೋಡದಲ್ಲಿ ತುಲನಾತ್ಮಕ ಅಧ್ಯಯನಕ್ಕೆ ಅವಕಾಶವುಂಟು. 1966ರಿಂದ ನೆಲೆಸಿದ ಟಿಬೆಟನ್ನರ ಕ್ಯಾಂಪಿನಲ್ಲಿ, ಡ್ರೆಪುಂಗ್ ಮತ್ತು ಗಾದೆನ್ ಮಠಗಳ ಅಂಗಳದಲ್ಲಿ, ಭಿಕ್ಷುಗಳು ವಾದ ಮಾಡುತ್ತಾರೆ. ನಿಂತವರು ಪ್ರಶ್ನೆ ಹಾಕಿ ಚಪ್ಪಾಳೆ ತಟ್ಟುತ್ತಾರೆ, ಕೂತವರು ಉತ್ತರ ಹೇಳಲೇಬೇಕು. ನಮ್ಮ ಸಭೆಗಳಲ್ಲಿ ಇದೇ ಪದ್ಧತಿ ತಿರುವುಮುರುವಾಗಿದೆ: ಚಪ್ಪಾಳೆ ಕೂತವರದು, ನಿಂತವರು ಉತ್ತರ ಹೇಳುವುದಿಲ್ಲ.

ಜೋಯಿಡಾದ ಸಮಸ್ಯೆ ಬೇರೆ. ಕಾಡಿನೊಳಗಿನ ಎಷ್ಟೋ ಹಳ್ಳಿಗಳಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ದಿಬ್ಬ ಹತ್ತಬೇಕು. ಸಂಜೆ ಊರೆಲ್ಲ ಒಂದೇ ದಿಬ್ಬದ ಮೇಲೆ ನಿಂತಿರುತ್ತದೆ. ಪ್ರತಿಯೊಬ್ಬರೂ ಪರವೂರಿನವರೊಡನೆ ಮಾತಾಡುತ್ತಿರುತ್ತಾರೆ. ಅಪವಾದವೂ ಇಲ್ಲಿಯದೇ. ಕುಣಬಿ ರೈತರು ಬೆಳೆದ ಗೆಡ್ಡೆಗಳನ್ನು ರಾಶಿ ಹಾಕುವ ಗೆಡ್ಡೆ-ಗೆಣಸು ಮೇಳದಲ್ಲಿ ರೈತರು, ಅಧಿಕಾರಿಗಳು, ಕೊಳ್ಳುವವರು ನೇರವಾಗಿ ಮಾತಾಡಿಕೊಳ್ಳುವುದು ಕಂಡುಬಂದಿದೆ. ಗೆಡ್ಡೆ ಹಿಡಿದ ಕೈಗೆ ಮನವಿ ಹಿಡಿಯಲು ಬರುವುದಿಲ್ಲವೆಂಬುದೇ ಕಾರಣವಿರಬೇಕು. ಆದರೆ ಅದೇ ಕುಣಬಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ವರ್ಷಗಟ್ಟಲೆ ಮನವಿ ಕೊಡುತ್ತಲೇ ಬಂದಿದ್ದಾರೆ. ಜಿಲ್ಲೆಯ ಸಿದ್ದಿಗಳು 2003ರಲ್ಲಿ ಆ ಪಟ್ಟಿ ಸೇರಿದರು. ಇಲ್ಲಿ ಶಾಸ್ತ್ರದ ನಗು ನಿಲ್ಲುತ್ತದೆ: ಕೆಲವು ಮನವಿಗಳು ಫೋಟೋಕ್ಕಲ್ಲ.

ಈ ಪ್ರಬಂಧಕ್ಕೆ ಆಕ್ಷೇಪವುಳ್ಳ ಸಂಘಗಳು ಬೇರೆಬೇರೆಯಾಗಿ ಬರಬೇಡಿ. ಎಲ್ಲರೂ ಮೊದಲು ಒಂದು ಕಡೆ ಕೂತು, ಚಹಾ ಕುಡಿದು, ಒಂದೇ ಹಾಳೆಯಲ್ಲಿ ಬರೆದು ತನ್ನಿ. ಫೋಟೋಗ್ರಾಫರರನ್ನು ಕರೆತರುವ ಅಗತ್ಯವಿಲ್ಲ.