ತರಗೆಲೆ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ನಿಮ್ಮ ಮನೆ ಮುಂದಿನ ಹೊಂಗೆ ಮರ ಈ ಸಾಲಿನ ಗೊಬ್ಬರದ ಕಚ್ಚಾ ಮಾಲನ್ನು ಶಿವರಾತ್ರಿಯ ಆಸುಪಾಸಿನಲ್ಲಿ ಅಂಗಳಕ್ಕೇ ತಲುಪಿಸಿದೆ. ಸಾಗಣೆ ವೆಚ್ಚವಿಲ್ಲ, ಓಟಿಪಿ ಹೇಳಬೇಕಿಲ್ಲ. ಆದರೆ ಮಾಲು ವಾಪಸ್ ಪಡೆಯಲಾಗುವುದಿಲ್ಲ.

ಬೆಂಗಳೂರಿನಲ್ಲಿ ರೂಢಿಯಲ್ಲಿರುವ ವಿಧಾನ

ಬೆಳಗ್ಗೆ ಬೇಗ ಎದ್ದು ಎಲೆ ಗುಡಿಸಿ. ಪಕ್ಕದ ಮನೆಯವರು ಏಳುವ ಮುಂಚೆ ಅವರ ಗೇಟಿನತ್ತ ತಳ್ಳಿ. ಅವರ ಬಳಿಯೂ ಈ ಕೈಪಿಡಿ ಇದ್ದರೆ ಸಂಜೆಯೊಳಗೆ ಎಲೆ ಮರಳಿ ಬರುತ್ತದೆ. ಆಗ ಖಾಲಿ ಸೈಟಿಗೆ ಸಾಗಿಸಿ ಕಡ್ಡಿ ಗೀರಿ. (ಸೈಟಿನ ಯಜಮಾನರು ಅಮೆರಿಕದಲ್ಲಿರುತ್ತಾರೆ, ಖಾಲಿ ಸೈಟಿನ ದೊಡ್ಡ ಅನುಕೂಲವೇ ಅದು.) ಹೊಗೆ ಎದುರು ಮನೆಯ ಉಬ್ಬಸದ ಅಜ್ಜನ ಕಿಟಕಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಎಚ್ಚರಿಕೆ: ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ದಂಡ ಕಟ್ಟಿದವರ ಪರಿಚಯ ಮಾಡಿಕೊಡುವುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಕೊನೆಯ ಹಂತ: ಭಾನುವಾರ ನರ್ಸರಿಗೆ ಹೋಗಿ, ಚೀಲದಲ್ಲಿ ಕಟ್ಟಿಟ್ಟ ಎಲೆಗೊಬ್ಬರವನ್ನು ದುಡ್ಡು ಕೊಟ್ಟು ತನ್ನಿ. ಚೌಕಾಸಿಗೆ ಅವಕಾಶವಿದೆ.

ಇನ್ನೊಂದು ವಿಧಾನ, ಹಠಮಾರಿಗಳಿಗೆ

ಗಿಡದ ಪಾತಿಯ ಮೇಲೆ ಎಲೆಯನ್ನು ಎರಡು ಮೂರು ಅಂಗುಲ ದಪ್ಪಕ್ಕೆ ಹರಡಿ. ಕಾಂಡಕ್ಕೆ ತಗಲಿಸಬೇಡಿ, ಬುಡ ಕೊಳೆತೀತು. ಮುಗಿಯಿತು. ಏಪ್ರಿಲ್ ಬಿಸಿಲಿಗೆ ಮಣ್ಣು ಬೇಗ ಒಣಗುವುದಿಲ್ಲ, ಕಳೆ ಏಳುವುದು ಕಡಿಮೆ, ಟ್ಯಾಂಕರ್ ನೀರೂ ಉಳಿಯುತ್ತದೆ. ಇಷ್ಟು ಸುಲಭವಾದ್ದರಿಂದಲೇ ಇದನ್ನು ಯಾರೂ ನಂಬುವುದಿಲ್ಲ.

ಮಿಕ್ಕ ಎಲೆಯನ್ನು ರಾಶಿ ಹಾಕಿ. ಮೂರು ಬುಟ್ಟಿ ತರಗೆಲೆಗೆ ಒಂದು ಬುಟ್ಟಿ ತರಕಾರಿ ಸಿಪ್ಪೆ, ಮೇಲೊಂದಿಷ್ಟು ಸಗಣಿ ನೀರು. ಸಿಗದಿದ್ದರೆ ಹುಳಿ ಮಜ್ಜಿಗೆಯಾದರೂ ಸರಿ. ಮಾವು, ಹಲಸಿನ ಎಲೆ ದಪ್ಪ, ಕರಗಲು ಸತಾಯಿಸುತ್ತವೆ. ಅವುಗಳ ಮೇಲೆ ಮಕ್ಕಳನ್ನು ಕುಣಿಯಲು ಬಿಡಿ, ಪುಡಿಯಾಗುತ್ತವೆ. ಹದ ತಿಳಿಯಲು ರಾಶಿಯೊಳಗಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆಯಾಗಿ ಇಳಿಯಬಾರದು. ಕೆಲವು ದಿನ ಬಿಟ್ಟು ಕಬ್ಬಿಣದ ಸರಳೊಂದನ್ನು ನಡುವಿಗೆ ಚುಚ್ಚಿಡಿ. ಸ್ವಲ್ಪ ಹೊತ್ತಿನ ಮೇಲೆ ಎಳೆದು ತುದಿ ಮುಟ್ಟಿ ನೋಡಿ. ಬಿಸಿಗೆ ಕೈ ಹಿಂದೆ ಸರಿದರೆ ಒಳಗಿನ ಸೂಕ್ಷ್ಮಜೀವಿಗಳು ರಜೆ ಹಾಕಿಲ್ಲವೆಂದು ತಿಳಿಯಿರಿ. ದೊಡ್ಡ ರಾಶಿಯ ಒಡಲಲ್ಲಿ 60 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾವು ಏರುವುದುಂಟು. ಹದಿನೈದು ದಿನಕ್ಕೊಮ್ಮೆ ಮಗುಚಿ.

ಮಗುಚಲೂ ಸೋಮಾರಿತನವೇ? ಅದಕ್ಕೂ ದಾರಿಯಿದೆ. ಗುಂಡಿ ತೋಡಿ, ಪದರ ಪದರವಾಗಿ ತುಂಬಿ, ಮೇಲೆ ಕೆಸರು ಮೆತ್ತಿ ಆರೆಂಟು ತಿಂಗಳು ಮರೆತುಬಿಡುವುದು. 1939ರಲ್ಲಿ ಸಿ.ಎನ್. ಆಚಾರ್ಯ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಕ್ರಮವಿದು. ಕೃಷಿ ಪಠ್ಯಗಳಲ್ಲಿ ಇದರ ಹೆಸರೇ ‘ಬೆಂಗಳೂರು ವಿಧಾನ’. ಬೆಂಗಳೂರಿಗರು ಅದನ್ನು ಪರೀಕ್ಷೆಗೆ ಓದಿ, ಪಾಸಾಗಿ, ಸಂಜೆ ಎಲೆ ಸುಡುತ್ತಾರೆ.

ಈ ಕೈಪಿಡಿಯನ್ನು ಶಿರಸಿ ಕಡೆಯ ಅಡಿಕೆ ತೋಟಿಗರಿಗೆ ಕೊಡಬೇಡಿ, ನಕ್ಕಾರು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟದ, ಅಂದರೆ ಸೊಪ್ಪು ತರಗೆಲೆ ತರುವ ಕಾಡಿನ, ಸವಲತ್ತು ಪಡೆದ ಸೀಮೆ ಅದು. ಬೇಸಿಗೆಯಲ್ಲಿ ದರಕು (ಅಲ್ಲಿ ತರಗೆಲೆಗೆ ಅದೇ ಹೆಸರು) ಗುಡಿಸಿ ಹೊತ್ತು ತಂದು, ಕೊಟ್ಟಿಗೆಗೆ ಹಾಸಿ, ದನ ತುಳಿದದ್ದನ್ನು ಗೊಬ್ಬರ ಗುಂಡಿಗೆ ಎಳೆಯುವವರಿಗೆ ಓಟಿಪಿ ಜೋಕು ಹಿಡಿಸುವುದು ಕಷ್ಟ.

ದೋಷ ಪರಿಹಾರ

ನಾತ ಬಂದರೆ ನೀರು ಹೆಚ್ಚಾಗಿದೆ. ಒಣ ಎಲೆ ಬೆರೆಸಿ ಕೆದಕಿ. ರಾಶಿ ಅಲ್ಲಾಡದೆ ಕೂತಿದ್ದರೆ ನೀರು, ಸಿಪ್ಪೆ ಎರಡೂ ಸಾಲದು. ಬಿಳಿ ಬೂಷ್ಟಿನ ಎಳೆ ಕಂಡರೆ ಗಾಬರಿ ಬೇಡ, ಸಂಬಳವಿಲ್ಲದ ಕೆಲಸಗಾರರು ಅವರು. ‘ಹಾವು ಬರುತ್ತೆ ಕಣೋ’ ಎಂದು ಅಮ್ಮ ತಕರಾರು ತೆಗೆದರೆ ಅರ್ಧ ಒಪ್ಪಿಕೊಳ್ಳಿ: ಅನ್ನ, ಮೀನು, ಮಾಂಸ ಹಾಕಿದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಹಾಕಬೇಡಿ.

ಖಾತರಿ

ಮಗುಚುತ್ತಿದ್ದರೆ ನಾಲ್ಕಾರು ತಿಂಗಳಲ್ಲಿ ಎಲೆಯ ಗುರುತೇ ಸಿಗದ ಕಪ್ಪು ಪುಡಿ ಕೈಗೆ ಬರುತ್ತದೆ. ಸುಟ್ಟ ಎಲೆಗೆ ಈ ಖಾತರಿ ಅನ್ವಯಿಸುವುದಿಲ್ಲ. ಆದ್ದರಿಂದ ದಯವಿಟ್ಟು ಬೆಂಕಿಪೊಟ್ಟಣವನ್ನು ದೇವರ ಮನೆಯಲ್ಲೇ ಇಡಿ.